ಫೋನಿಗಿಂತ ಮೊದಲು ದೇವರು: ನಾನು ದಿನಾ ಪಾಲಿಸುವ ಕೆಲವು ರೂಢಿಗಳು

ನಮ್ಮ ಮನೆಯ ದೇವರ ಕೋಣೆಯಲ್ಲಿ ಒಂದು ಸ್ವಿಚ್ ಬೋರ್ಡ್ ಇದೆ. ಮೂರು ವರ್ಷ ನನ್ನ ಫೋನ್ ಅಲ್ಲೇ ಚಾರ್ಜಿಗೆ ಇರುತ್ತಿತ್ತು. ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಪಕ್ಕದಲ್ಲೇ ಫೋನಿನ ಬೆಳಕು ಹತ್ತುತ್ತಿತ್ತು. ನಾನು ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಮೆಕ್ಕೆಜೋಳದ ಸೀಸನ್ ಬಂದರೆ ಬೆಳಗ್ಗೆ ಆರಕ್ಕೇ ಮೆಸೇಜ್ ಶುರುವಾಗುತ್ತವೆ. ಎಷ್ಟು ಲೋಡ್ ಬಂತು, ನಿನ್ನೆ ರೇಟ್ ಎಷ್ಟಕ್ಕೆ ನಿಂತಿತು, ಯಾರ ಮಾಲು ಇನ್ನೂ ಹಸಿ ಇದೆ. ಬಲಗೈ ತಾನಾಗೇ ಅತ್ತ ಹೋಗುತ್ತಿತ್ತು. ಒಂದು ದಿನ ಮಗಳು ಬಾಗಿಲಲ್ಲಿ ನಿಂತು ಕೇಳಿದಳು, "ಅಪ್ಪಾಜಿ, ನೀವು ಲಿಂಗ ನೋಡ್ತಿದೀರೋ, ಫೋನ್ ನೋಡ್ತಿದೀರೋ?" ಆಗ ಅವಳು ಎರಡನೇ ಕ್ಲಾಸು. ಗದರಲು ಬಾಯಿ ತೆರೆದೆ. ಮಾತು ಬರಲಿಲ್ಲ.

ಅವತ್ತೇ ಹಟ ಹಿಡಿದೆ. ನಾಳೆಯಿಂದ ನಾಲ್ಕು ಗಂಟೆಗೆ ಏಳುವುದು, 108 ಸಲ ನಾಮ, ಒಂದು ಗಂಟೆ ಪೂಜೆ, ಸೋಮವಾರ ಉಪವಾಸ. ಹನ್ನೊಂದು ದಿನ ನಡೆಯಿತು. ಹನ್ನೆರಡನೇ ದಿನ ಅಂಗಡಿಯಲ್ಲಿ ಮಧ್ಯರಾತ್ರಿವರೆಗೆ ತೂಕ ನಡೆಯಿತು, ಮರುದಿನ ಎದ್ದಾಗ ಏಳು ಗಂಟೆ, ಅಲ್ಲಿಗೆ ಮುಗಿಯಿತು. ನಿಮ್ಮಲ್ಲೂ ಎಷ್ಟೋ ಜನ ಹೀಗೆ ಶುರು ಮಾಡಿ ಬಿಟ್ಟಿರುತ್ತೀರಿ, ಅಲ್ವಾ? ಬಿಟ್ಟ ಮೇಲೆ ಮನಸ್ಸಿಗೆ ಒಂದು ಥರ ನಾಚಿಕೆ ಬರುತ್ತದೆ. ಆ ನಾಚಿಕೆಗೇ ದೇವರ ಕೋಣೆ ಕಡೆ ಹೋಗುವುದು ಇನ್ನೂ ಕಡಿಮೆ ಆಗುತ್ತದೆ.

ಆಮೇಲೆ ನನಗೆ ಅರ್ಥವಾದದ್ದು ಇಷ್ಟು. ದೇವರನ್ನು ಮೊದಲು ಇಡಬೇಕು ಅಂತ ಹಟದಿಂದ ಇಡಲು ಆಗುವುದಿಲ್ಲ. ಯಾವುದು ದೊಡ್ಡದು ಅಂತ ಕಣ್ಣಿಗೆ ಕಂಡಿದೆಯೋ ಅದಕ್ಕೆ ಮನಸ್ಸು ತಾನೇ ಮೊದಲ ಜಾಗ ಬಿಟ್ಟುಕೊಡುತ್ತದೆ. ನನಗೆ ಆಗ ರೇಟು ದೊಡ್ಡದಾಗಿ ಕಾಣುತ್ತಿತ್ತು, ಅದಕ್ಕೇ ಅದು ಮೊದಲಿತ್ತು. ದೇವರು ದೊಡ್ಡವನು ಅಂತ ಬಾಯಲ್ಲಿ ದಿನಾ ಹೇಳುತ್ತಿದ್ದೆ, ಆದರೆ ನಿಂತು ನೋಡಿದ್ದು ಯಾವಾಗ? ಹಾಗಾಗಿ ಕೆಳಗೆ ಬರೆದಿರುವುದರಲ್ಲಿ ನೋಡುವ ಅಭ್ಯಾಸವೇ ಮೊದಲು ಬರುತ್ತದೆ, ಪೂಜೆ ಆಮೇಲೆ. ಕೆಲವರಿಗೆ ಇದು ತಲೆಕೆಳಗು ಅನ್ನಿಸಬಹುದು. ನನಗೆ ಇದೇ ಕ್ರಮದಲ್ಲಿ ನಿಂತಿತು, ಅದಕ್ಕೇ ಇದೇ ಕ್ರಮದಲ್ಲಿ ಹೇಳುತ್ತಿದ್ದೇನೆ.

ದಿನಕ್ಕೆ ಒಂದೇ ವಸ್ತು, ಹತ್ತು ನಿಮಿಷ

ದಿನಕ್ಕೆ ಒಂದು ವಸ್ತು ಆರಿಸಿಕೊಳ್ಳಿ. ದೊಡ್ಡದೇ ಆಗಬೇಕಿಲ್ಲ. ಕೈಯಲ್ಲಿ ಹಿಡಿಯುವಂಥದ್ದು ಆದರೆ ಶುರುವಿಗೆ ಒಳ್ಳೆಯದು. ಅದನ್ನು ಹತ್ತು ನಿಮಿಷ ನೋಡಬೇಕು, ಮುಟ್ಟಬೇಕು, ಆಗುವುದಾದರೆ ಎಣಿಸಬೇಕು. "ಇದು ಹೇಗೆ ಬಂತು" ಅಂತ ಕೇಳಿಕೊಳ್ಳಬೇಕು. ಫೋಟೋ ತೆಗೆಯಬಾರದು. ಫೋಟೋ ತೆಗೆದ ಕ್ಷಣ ನೋಡಿ ಆಯಿತು ಅಂತ ಮನಸ್ಸು ಎದ್ದು ಹೋಗುತ್ತದೆ.

ನಾನು ಶುರು ಮಾಡಿದ್ದು ಮೆಕ್ಕೆಜೋಳದ ತೆನೆಯಿಂದ. ಹದಿನೆಂಟು ವರ್ಷ ಮೆಕ್ಕೆಜೋಳದ ಲೆಕ್ಕ ಬರೆದಿದ್ದೇನೆ, ಒಂದು ತೆನೆಯನ್ನು ಸರಿಯಾಗಿ ನೋಡಿರಲಿಲ್ಲ. ಒಬ್ಬ ರೈತರು ಗಾಡಿಯಲ್ಲಿ ಮಕ್ಕಳಿಗೆ ಅಂತ ನಾಲ್ಕು ಹಸಿ ತೆನೆ ತಂದು ಕೊಟ್ಟಿದ್ದರು. ಅದರಲ್ಲಿ ಒಂದನ್ನು ಸಂಜೆ ಜಗಲಿ ಮೇಲೆ ಕೂತು ಸುಲಿದೆ. ಮೇಲಿನ ಹಸಿರು ಸಿಪ್ಪೆ ಬಿಚ್ಚಿದರೆ ಒಳಗೆ ಇನ್ನೂ ತೆಳು ಸಿಪ್ಪೆ, ಅದರೊಳಗೆ ಇನ್ನೂ ತೆಳು, ಕೊನೆಗೆ ಕಾಳಿಗೆ ಅಂಟಿಕೊಂಡಿದ್ದದ್ದು ಬಟ್ಟೆಗಿಂತ ಮೆತ್ತಗೆ ಇತ್ತು. ತೆನೆ ತುದಿಯಲ್ಲಿ ಕೂದಲಿನ ಜುಟ್ಟು ಇರುತ್ತದಲ್ಲ, ನಾವು ಕಿತ್ತು ಎಸೆಯುತ್ತೇವಲ್ಲ, ಅದರ ಒಂದು ಎಳೆ ಹಿಡಿದು ಮೆಲ್ಲಗೆ ಹಿಂದಕ್ಕೆ ಬಂದೆ. ಅದು ಹೋಗಿ ಒಂದು ಕಾಳಿಗೆ ಸೇರಿತ್ತು. ಇನ್ನೊಂದು ಎಳೆ ಹಿಡಿದೆ, ಅದು ಬೇರೆ ಕಾಳಿಗೆ. ಒಂದು ಕಾಳಿಗೆ ಒಂದು ಎಳೆ. ಗಿಡದ ನೆತ್ತಿಯ ಹೂವಿನಿಂದ ಪುಡಿ ಉದುರಿ ಆ ಎಳೆಯ ತುದಿಗೆ ಬೀಳಬೇಕು, ಆಮೇಲೆ ಅದರ ಜೀವಕಣ ಎಳೆಯ ಒಳಗೇ ಇಳಿದು ಬಂದು ಇಲ್ಲಿ ಕಾಳು ಕಟ್ಟಬೇಕು. ಯಾವ ಎಳೆಗೆ ಪುಡಿ ಸಿಗಲಿಲ್ಲವೋ ಆ ಜಾಗ ಖಾಲಿ. ತೆನೆಯಲ್ಲಿ ಹಲ್ಲು ಬಿದ್ದ ಹಾಗೆ ಅಲ್ಲಲ್ಲಿ ಕಾಳು ಇಲ್ಲದೆ ಇರುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ.

ಆಮೇಲೆ ಸಾಲು ಎಣಿಸಿದೆ. ಹದಿನಾರು. ಇನ್ನೊಂದು ತೆನೆ ಎಣಿಸಿದೆ, ಹದಿನಾಲ್ಕು. ಮೂರನೆಯದೂ ಹದಿನಾಲ್ಕು. ಮೆಕ್ಕೆಜೋಳದ ತೆನೆಯಲ್ಲಿ ಸಾಲು ಸಾಮಾನ್ಯವಾಗಿ ಸರಿಸಂಖ್ಯೆಯೇ ಇರುತ್ತದೆ, ಯಾಕೆಂದರೆ ಕಾಳಿನ ಮೊಗ್ಗು ಜೋಡಿ ಜೋಡಿಯಾಗಿ ಹುಟ್ಟುತ್ತದೆ. ನಾನು ಲೆಕ್ಕದವನು. ಪುಸ್ತಕದಲ್ಲಿ ಎರಡು ಕಡೆ ತಾಳೆ ಆಗಲಿಲ್ಲ ಅಂದರೆ ರಾತ್ರಿ ನಿದ್ದೆ ಬರುವುದಿಲ್ಲ ನನಗೆ. ಇಲ್ಲಿ ಯಾರೋ ಯಾವ ಹೊಲದಲ್ಲೂ, ಯಾವ ವರ್ಷವೂ, ಮಳೆ ಬಂದರೂ ಬರದಿದ್ದರೂ, ಜೋಡಿ ತಪ್ಪದ ಹಾಗೆ ಲೆಕ್ಕ ಬರೆದಿಟ್ಟಿದ್ದಾನೆ. ತೆನೆ ಕೈಯಲ್ಲಿ ಹಿಡಿದುಕೊಂಡೇ ತುಂಬಾ ಹೊತ್ತು ಕೂತಿದ್ದೆ. ಅವತ್ತು "ಶಿವನೇ" ಅಂತ ಬಾಯಿಂದ ಬಂದದ್ದು ಅಭ್ಯಾಸಕ್ಕೆ ಬಂದದ್ದಲ್ಲ.

ನೀವು ತೆನೆಯನ್ನೇ ನೋಡಬೇಕು ಅಂತಿಲ್ಲ. ನಿಮ್ಮ ಕಸುಬಿನಲ್ಲಿ ದಿನಾ ಕೈಗೆ ಬರುವ ವಸ್ತುವನ್ನೇ ತಗೊಳ್ಳಿ, ನನ್ನ ಸಲಹೆ ಇದೇ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು ಬಿಸಿ ಮರಳಲ್ಲಿ ಒಂದು ಅಕ್ಕಿ ಕಾಳು ಅರಳುವುದನ್ನು ನೋಡಲಿ. ಟೀಚರ್ ಆದರೆ ಅಕ್ಷರ ಕಲಿಯುತ್ತಿರುವ ಮಗುವಿನ ಬೆರಳು ನೋಡಲಿ. ದಿನಾ ನೋಡಿ ನೋಡಿ ಕಾಣದ ಹಾಗೆ ಆಗಿರುವ ವಸ್ತುವೇ ಹೆಚ್ಚು ಕೆಲಸ ಮಾಡುತ್ತದೆ.

ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ದೊಡ್ಡದೂ ನೋಡಿ

ನಮ್ಮ ಕಡೆಯವರಿಗೆ ಇದಕ್ಕೆ ದೂರ ಹೋಗುವ ಅಗತ್ಯವಿಲ್ಲ. ಚಿತ್ರದುರ್ಗಕ್ಕೆ ಬಸ್ ಹತ್ತಿದರೆ ಸಾಕು. ಏಳು ಸುತ್ತಿನ ಕೋಟೆಗೆ ಎಷ್ಟೋ ಸಲ ಹೋಗಿದ್ದೆವು, ಓಬವ್ವನ ಕಿಂಡಿ ನೋಡಿ, ಮಕ್ಕಳಿಗೆ ಸೌತೆಕಾಯಿ ಕೊಡಿಸಿ, ಬಂದುಬಿಡುತ್ತಿದ್ದೆವು. ಹೋದ ಸಲ ಬೇರೆ ಥರ ಮಾಡಿದೆವು. ಮೇಲೆ ಹಿಡಿಂಬೇಶ್ವರನ ಗುಡಿ ಹತ್ತಿರ ಒಂದು ಬಂಡೆಗೆ ಬೆನ್ನು ಕೊಟ್ಟು ಎಲ್ಲರೂ ಸುಮ್ನೆ ಕೂತೆವು. ಬಂಡೆ ಮಧ್ಯಾಹ್ನದ ಬಿಸಿಲು ಕುಡಿದು ಸಂಜೆಗೆ ಬೆನ್ನಿಗೆ ಬಿಸಿ ಕೊಡುತ್ತಿತ್ತು. ನಾಯಕರು ಬಂದರು, ಕೋಟೆ ಕಟ್ಟಿದರು, 1779ರಲ್ಲಿ ಹೈದರಾಲಿ ಕೈಗೆ ಕೋಟೆ ಹೋಯಿತು. ಬಂಡೆ ಹಾಗೇ ಇದೆ.

ಅದಕ್ಕಿಂತ ಜಾಸ್ತಿ ನನ್ನನ್ನು ತಟ್ಟಿದ್ದು ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿ. ಅಲ್ಲಿ ದಿಂಬು ಜೋಡಿಸಿಟ್ಟ ಹಾಗೆ ಕಾಣುವ ಕಲ್ಲುಗಳಿವೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಅದನ್ನು ಕಾಪಾಡಿದ್ದಾರೆ. ಸುಮಾರು 250 ಕೋಟಿ ವರ್ಷದ ಹಿಂದೆ ಅಲ್ಲಿ ನೀರಿತ್ತು. ನೀರಿನ ಕೆಳಗಿನಿಂದ ಕರಗಿದ ಕಲ್ಲಿನ ರಸ ಉಕ್ಕಿ ಬಂದು, ನೀರು ತಾಕಿದ ತಕ್ಷಣ ಮೇಲ್ಭಾಗ ಗಟ್ಟಿಯಾಗಿ, ಒಳಗಿನದು ಮುಂದಕ್ಕೆ ತಳ್ಳಿ, ಹೀಗೆ ಒಂದರ ಮೇಲೊಂದು ದಿಂಬು ದಿಂಬಾಗಿ ನಿಂತುಬಿಟ್ಟಿತು. ಈಗ ಆ ಸುತ್ತಲಿನ ಹಳ್ಳಿಗಳಲ್ಲಿ ಬೋರ್‌ವೆಲ್ ಎಷ್ಟು ಆಳ ಕೊರೆದರೂ ನೀರು ಬರಲಿಲ್ಲ ಅಂತ ತಲೆ ಮೇಲೆ ಕೈ ಹೊತ್ತ ರೈತರನ್ನು ನಾನೇ ನೋಡಿದ್ದೇನೆ. ಅದೇ ನೆಲ ಒಂದು ಕಾಲಕ್ಕೆ ನೀರಿನ ತಳ! ನನ್ನ ಲೆಕ್ಕದ ಪುಸ್ತಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ದೇವರದು ಎಲ್ಲಿಂದ ಎಲ್ಲಿಗೆ?

ರಾತ್ರಿ ಆಕಾಶವೂ ಹಾಗೇ. ಊರಲ್ಲಿ ದೀಪ ಜಾಸ್ತಿ, ಕಾಣುವುದಿಲ್ಲ. ನನ್ನ ತಾಯಿಯ ತವರು ಚಳ್ಳಕೆರೆ ಕಡೆ, ಅಲ್ಲಿ ಮಾಳಿಗೆ ಮೇಲೆ ಮಲಗಿದರೆ ಚಳಿಗಾಲದಲ್ಲಿ ರೋಹಿಣಿ ನಕ್ಷತ್ರ ಕೆಂಪಾಗಿ ಕಾಣುತ್ತದೆ. ಅದರ ಬೆಳಕು ನಮಗೆ ಮುಟ್ಟಲು ಸುಮಾರು 65 ವರ್ಷ ಬೇಕು. ಅವ್ವನಿಗೆ ಇದನ್ನು ಹೇಳಿದೆ. ಆಕೆಗೂ ಹೆಚ್ಚು ಕಡಿಮೆ ಅಷ್ಟೇ ವಯಸ್ಸು. "ಹಂಗಾದ್ರೆ ನಾನು ಹುಟ್ಟಿದಾಗ ಅಲ್ಲಿಂದ ಹೊರಟಿದ್ದು ಈಗ ಬಂತೇನಪ್ಪಾ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಮಲಗಿದ್ದವಳು ಎದ್ದು ಕೂತು ಕೈ ಮುಗಿದಳು. ನಾನು ಎಷ್ಟು ಪ್ರವಚನ ಕೇಳಿದ್ದರೂ ಆ ಕೈ ಮುಗಿದದ್ದು ಮರೆಯುವುದಿಲ್ಲ.

ಈಗ ಬೆಳಗಿನ ವಿಷಯ

ಹೀಗೆ ಒಂದು ತಿಂಗಳು ನೋಡುತ್ತಾ ಬಂದರೆ ಬೆಳಗ್ಗೆ ಕೂರುವುದು ಹಗುರ ಆಗುತ್ತದೆ. ಆದರೂ ಕೆಲವು ವ್ಯವಸ್ಥೆ ಮಾಡಿಕೊಳ್ಳಲೇಬೇಕು, ಮನಸ್ಸನ್ನು ನಂಬಿ ಕೂರಬಾರದು.

ಮೊದಲನೆಯದು, ಚಾರ್ಜರ್ ದೇವರ ಕೋಣೆಯಿಂದ, ಮಲಗುವ ಕೋಣೆಯಿಂದಲೂ ಆಚೆಗೆ. ನಮ್ಮ ಮನೆಯಲ್ಲಿ ಈಗ ಅಡುಗೆಮನೆ ಫ್ರಿಜ್ ಮೇಲೆ ಇದೆ. ಅಲಾರಂಗೆ ಒಂದು ಹಳೇ ಗಡಿಯಾರ ಸಾಕು. ಹಿಂದಿನ ರಾತ್ರಿಯೇ ತಂಬಿಗೆ ತೊಳೆದು, ಚಾಪೆ, ವಿಭೂತಿ ಗಟ್ಟಿ ಎಲ್ಲವನ್ನೂ ಅದರದರ ಜಾಗದಲ್ಲಿ ಇಟ್ಟು ಮಲಗಿ. ಬೆಳಗ್ಗೆ ಹುಡುಕಾಟ ಶುರುವಾದರೆ ಪೂಜೆಗೆ ಮೊದಲೇ ಮನೆಯವರ ಮೇಲೆ ಸಿಟ್ಟು ಬಂದಿರುತ್ತದೆ.

ಎರಡನೆಯದು, ಹದಿನೈದು ನಿಮಿಷ ಸಾಕು. ಒಂದು ಗಂಟೆಯ ಆಸೆ ಬೇಡ. ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟು, ನೀರೆರೆದು, ವಿಭೂತಿ ಧರಿಸಿ, ಇದ್ದರೆ ಒಂದು ಪತ್ರೆ ಏರಿಸಿ, ಆಮೇಲೆ ಸುಮ್ನೆ ಅದನ್ನೇ ನೋಡುತ್ತಾ ಕೂರುತ್ತೇನೆ. ನೋಡುವುದೇ ಇಲ್ಲಿ ದೊಡ್ಡ ಕೆಲಸ. ಹಿಂದಿನ ದಿನ ತೆನೆಯನ್ನು ಹೇಗೆ ನೋಡಿದ್ದೆನೋ ಅದೇ ಕಣ್ಣು ಇಲ್ಲಿಗೂ ಬರುತ್ತದೆ. ಲಿಂಗ ಧರಿಸದವರು ದೀಪದ ಮುಂದೆ ಕೂರಿ. ನಮ್ಮ ಅಂಗಡಿಯ ಹಮಾಲರಲ್ಲಿ ಒಬ್ಬರು ಬೆಳಗಿನ ನಮಾಜ್ ಮುಗಿಸಿಯೇ ಚೀಲಕ್ಕೆ ಕೈ ಹಾಕುವುದು, ಎಷ್ಟೇ ಲೋಡ್ ನಿಂತಿರಲಿ. ಅವರನ್ನು ನೋಡಿಯೂ ನಾನು ಕಲಿತಿದ್ದೇನೆ. ನಿಮ್ಮ ಹಿರಿಯರು ಕೊಟ್ಟ ದಾರಿ ಯಾವುದೋ ಅದರಲ್ಲೇ ಕೂರಿ. ಹರಿಹರಕ್ಕೆ ಹೋದವರಿಗೆ ಗೊತ್ತು, ಹೊಯ್ಸಳರ ಕಾಲದ ಆ ಗುಡಿಯಲ್ಲಿ ಒಂದೇ ಮೂರ್ತಿಯಲ್ಲಿ ಅರ್ಧ ಹರ, ಅರ್ಧ ಹರಿ. ನನ್ನ ದೇವರು ದೊಡ್ಡವನೋ ನಿನ್ನ ದೇವರು ದೊಡ್ಡವನೋ ಅಂತ ಜಗಳವಾಡಲು ಹೋದರೆ ಬೆಳಗ್ಗೆ ಕಳೆದೇ ಹೋಗುತ್ತದೆ.

ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೂತ ತಕ್ಷಣ ಬೇಡಲು ಶುರು ಮಾಡಬೇಡಿ. ಮೊದಲು ನಿನ್ನೆ ಕಂಡ ಎರಡು ವಿಷಯ ದೇವರಿಗೆ ಹೇಳಿ. "ಶಿವನೇ, ನಿನ್ನೆ ತೆನೆಯ ಎಳೆ ನೋಡಿದೆ. ನಿನ್ನೆ ಮಗಳಿಗೆ ಜ್ವರ ಇಳಿಯಿತು." ಇಷ್ಟು ಸಾಕು. ಆಮೇಲೆ ನಿಮ್ಮ ಕಷ್ಟ ಹೇಳಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಬೇಡಿಕೆಯನ್ನು ಹಿಂದಕ್ಕೆ ಇಟ್ಟ ಮೇಲೆ ಬೇಡಿಕೆಗಳೇ ಬದಲಾಗುತ್ತವೆ, ಇದನ್ನು ನೀವೇ ಒಂದು ವಾರ ಮಾಡಿ ನೋಡಿ. ನನ್ನ ಪಟ್ಟಿ ಮೊದಲು ಉದ್ದ ಇತ್ತು: ಸಂಬಳ, ಸೈಟು, ಗಾಡಿ ಕಂತು. ಈಗಲೂ ಅವೆಲ್ಲ ಬೇಕು. ಆದರೆ ಕೇಳುವಾಗಿನ ಆತುರ ಹೋಗಿದೆ.

ಮನಸ್ಸು ಓಡುತ್ತದೆ, ಏನು ಮಾಡಲಿ ಅಂತ ತುಂಬಾ ಜನ ಕೇಳುತ್ತಾರೆ. ಓಡಲಿ. ಎಲ್ಲಿಗೆ ಓಡಿತು ನೋಡಿ, ಅದನ್ನೇ ದೇವರ ಮುಂದೆ ಇಡಿ. ನನಗೆ ರೇಟಿನ ಚಿಂತೆ ಬಂದರೆ ಅದನ್ನು ಓಡಿಸಲು ಹೋಗುವುದಿಲ್ಲ, "ಇದೂ ನಿನ್ನ ಮುಂದೆ ಇರಲಿ" ಅನ್ನುತ್ತೇನೆ. ಚಿಂತೆಯ ಜೊತೆ ಕುಸ್ತಿ ಹಿಡಿದರೆ ಹದಿನೈದು ನಿಮಿಷ ಪೂರ್ತಿ ಕುಸ್ತಿಯೇ ಆಗುತ್ತದೆ.

ಕೊನೆಗೆ ಒಂದು ವಚನ. ಒಂದೇ. ಓದಿ, ಯಾವ ಶಬ್ದ ಮನಸ್ಸಿಗೆ ಸಿಕ್ಕಿಕೊಂಡಿತೋ ಅದನ್ನು ಇಟ್ಟುಕೊಂಡು ಹೊರಗೆ ಹೋಗಿ. ವಚನದ ಕೊನೆಯ ಅಂಕಿತವನ್ನು ಬೇಗ ಓದಿ ಮುಗಿಸಬೇಡಿ. ಬಸವಣ್ಣನವರು ಕೂಡಲಸಂಗಮದೇವಾ ಅಂತ, ಅಕ್ಕ ಚೆನ್ನಮಲ್ಲಿಕಾರ್ಜುನಾ ಅಂತ ಕರೆಯುವಾಗ ಎದುರಿಗೆ ಯಾರೋ ನಿಂತಿದ್ದಾರೆ ಅನ್ನುವ ಹಾಗೆ ಕರೆಯುತ್ತಾರೆ. ಅಲ್ಲಿ ಒಂದು ಉಸಿರು ನಿಲ್ಲಿ.

ಅಂಗಡಿಯಲ್ಲಿ ದೇವರು ಮೊದಲಿರುವುದು ಅಂದರೆ

ಬೆಳಗಿನ ಪೂಜೆ ಚೆನ್ನಾಗಿ ಆಯಿತು ಅಂದುಕೊಂಡು ಅಂಗಡಿಗೆ ಹೋಗಿ ಅಲ್ಲಿ ಬೇರೆ ಮನುಷ್ಯ ಆಗುವುದಿದ್ದರೆ ಪೂಜೆ ಯಾಕೆ? ಇದು ನನಗೆ ಗಟ್ಟಿಯಾಗಿ ನಾಟಿದ್ದು ಒಂದು ತಪ್ಪಿನಿಂದ.

ಎರಡು ವರ್ಷದ ಹಿಂದೆ ರಾತ್ರಿ ಒಂಬತ್ತೂವರೆಗೆ ಲೆಕ್ಕ ತಾಳೆ ನೋಡುತ್ತಿದ್ದೆ. ಜಗಳೂರು ಕಡೆಯ ಒಬ್ಬ ರೈತರ ತೂಕದ ಪಟ್ಟಿಯಲ್ಲಿ 2,463 ಕೆಜಿ ಇರಬೇಕಾದದ್ದು 2,436 ಅಂತ ಬರೆದುಬಿಟ್ಟಿದ್ದೆ. ಬರೆದವನು ನಾನೇ. ವ್ಯತ್ಯಾಸ 27 ಕೆಜಿ. ಅವತ್ತಿನ ರೇಟಿಗೆ ಐನೂರು ರೂಪಾಯಿ ಚಿಲ್ಲರೆ. ಅವರು ದುಡ್ಡು ತಗೊಂಡು ಹೋಗಿಯಾಗಿತ್ತು. ಪಟ್ಟಿಗೆ ಸಹಿಯೂ ಆಗಿತ್ತು. ಅಂಗಡಿಯಲ್ಲಿ ನಾನೊಬ್ಬನೇ. ಫ್ಯಾನ್ ತಿರುಗುತ್ತಿತ್ತು, ಹಾಳೆ ಮೇಲೆ ಪೆನ್ನು ಇಟ್ಟಿದ್ದೆ. ಅವರಿಗೆ ಗೊತ್ತಾಗುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಇಪ್ಪತ್ನಾಲ್ಕು ಕ್ವಿಂಟಲ್‌ನಲ್ಲಿ 27 ಕೆಜಿ ಯಾರು ನೋಡುತ್ತಾರೆ? ನಾನು ಯಾರದ್ದೂ ಕದಿಯಲಿಲ್ಲವಲ್ಲ, ಕಣ್ತಪ್ಪು ತಾನೇ, ಅಂತ ಮನಸ್ಸು ಚೆನ್ನಾಗಿಯೇ ವಾದ ಮಾಡಿತು.

ಆಗ ನೆನಪಾದದ್ದು ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ. ಗಂಡ ಮಾರಯ್ಯ ಕಲ್ಯಾಣ ಪಟ್ಟಣದಲ್ಲಿ ಬಿದ್ದ ಅಕ್ಕಿ ಆಯ್ದು ತರುವ ಕಾಯಕದವನು. ಅದರಲ್ಲೇ ಜಂಗಮರಿಗೆ ದಾಸೋಹ ನಡೆಯುತ್ತಿತ್ತು. ಒಂದು ದಿನ ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಒಳಗೆ ತಗೊಳ್ಳಲಿಲ್ಲ. ಇಷ್ಟು ಆಸೆ ಯಾಕೆ, ಅಲ್ಲಿಯೇ ಸುರಿದು ಬಾ ಅಂದಳು. ನಮ್ಮ ಯಾರ್ಡಿನಲ್ಲೂ ತೂಕ ಮುಗಿದ ಮೇಲೆ ಬಿದ್ದ ಕಾಳು ಗುಡಿಸಿ ಮೊರದಲ್ಲಿ ಕೇರಿ ಒಯ್ಯುವ ಹೆಣ್ಣುಮಕ್ಕಳಿದ್ದಾರೆ. ದಿನಾ ಅವರನ್ನು ನೋಡುತ್ತಿದ್ದೆ, ಲಕ್ಕಮ್ಮ ಮಾತ್ರ ಕಂಡಿರಲಿಲ್ಲ. ಬಿದ್ದ ಅಕ್ಕಿಯಲ್ಲೂ ತನ್ನದಲ್ಲದ್ದು ಯಾವುದು ಅಂತ ಆಕೆಗೆ ಗೊತ್ತಿತ್ತು. ನನ್ನ ಎದುರು 27 ಕೆಜಿ ಇತ್ತು.

ಮರುದಿನ ಪೂಜೆ ಮುಗಿಸಿ ಮಾಲೀಕರಿಗೆ ಹೇಳಿ ರೈತರಿಗೆ ಫೋನ್ ಮಾಡಿದೆ. "ಯಜಮಾನ್ರೇ, ತೂಕ ಬರೆಯುವಾಗ ನನ್ನಿಂದ ತಪ್ಪಾಗಿದೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "27 ಕೆಜಿಗೆ ಫೋನ್ ಮಾಡಿದ್ರೇನ್ರೀ?" ಅಂದರು. ಆಮೇಲೆ, "ಆ ಚೀಲ ಎಲ್ಲಾ ಹೊಲಿದಿದ್ದು ನಮ್ಮವ್ವ. ಆಕಿಗೆ ಹೇಳ್ತೀನಿ ತಡೀರಿ" ಅಂತ ಫೋನ್ ಕೈಯಲ್ಲಿ ಹಿಡಿದೇ ಕೂಗಿ ಹೇಳಿದರು. ಆ ಕೂಗು ನನಗೆ ಕೇಳಿಸಿತು.

ಅವತ್ತಿನಿಂದ ಒಂದು ರೂಢಿ. ಪ್ರತಿ ಪಟ್ಟಿಗೆ ಸಹಿ ಹಾಕುವ ಮೊದಲು ಒಂದು ಉಸಿರು ನಿಲ್ಲುತ್ತೇನೆ, ಶಿವ ಅನ್ನುತ್ತೇನೆ, ಅಂಕಿ ಇನ್ನೊಮ್ಮೆ ಓದುತ್ತೇನೆ. ಎರಡು ಸೆಕೆಂಡ್ ಕೆಲಸ. ನಿಮ್ಮ ಕೆಲಸದಲ್ಲೂ ಇಂಥ ಒಂದು ಜಾಗ ಹುಡುಕಿಕೊಳ್ಳಿ. ಡ್ರೈವರ್ ಆದರೆ ಕೀ ತಿರುಗಿಸುವ ಮೊದಲು, ಅಡುಗೆ ಮಾಡುವವರು ಒಲೆ ಹಚ್ಚುವ ಮೊದಲು, ಸಿಟ್ಟು ಬರಿಸುವ ಫೋನ್ ಕಾಲ್ ಎತ್ತುವ ಮೊದಲು. ದಿನಕ್ಕೆ ನಲವತ್ತು ಪಟ್ಟಿ ಬರೆದರೆ ನಲವತ್ತು ಸಲ ದೇವರು ಮೊದಲು ಬಂದ ಹಾಗಾಯಿತು. ಬೆಳಗಿನ ಹದಿನೈದು ನಿಮಿಷಕ್ಕಿಂತ ಇದರಿಂದಲೇ ನನಗೆ ಹೆಚ್ಚು ಉಪಯೋಗ ಆಗಿದೆ, ಖರೆ ಹೇಳಬೇಕೆಂದರೆ.

ದುಡ್ಡಿನಲ್ಲೂ ಅಷ್ಟೇ. ಸಂಬಳ ಬಂದ ದಿನ ಮೊದಲು ತೆಗೆದಿಡುವುದು ದಾಸೋಹದ ಪಾಲು, ಕಂತು ಆಮೇಲೆ. ಎಷ್ಟು ಅನ್ನುವುದು ನಿಮಗೆ ಬಿಟ್ಟಿದ್ದು, ಕ್ರಮ ಮಾತ್ರ ತಪ್ಪಬಾರದು. ಉಳಿದರೆ ಕೊಡೋಣ ಅಂದರೆ ಯಾವ ತಿಂಗಳೂ ಉಳಿಯುವುದಿಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು ಜನರನ್ನು ಸೇರಿಸಿ ಕೆರೆ ಕಟ್ಟಿಸಿದವರು. ಮಾಡಿದಷ್ಟು ನೀಡು ಭಿಕ್ಷೆ ಅನ್ನುವ ಅವರ ಮಾತು ನಮ್ಮ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ನಾಯಕನಹಟ್ಟಿ ಜಾತ್ರೆಗೆ ಹೋಗಿ ತೇರಿಗೆ ಬಾಳೆಹಣ್ಣು ಎಸೆದು ಬರುವವರು ಆ ಮಾತನ್ನೂ ಮನೆಗೆ ತರಬೇಕು.

ಹರಕೆ ಬಗ್ಗೆ ಒಂದು ಮಾತು. ನಮ್ಮೂರಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಊರಿಗೆ ಊರೇ ಸೇರುತ್ತದೆ, ಹರಕೆ ತೀರಿಸುವವರ ಸಾಲು ಸಾಲು. ಹರಕೆ ಹೊರುವುದು ತಪ್ಪು ಅಂತ ನಾನು ಹೇಳುವುದಿಲ್ಲ, ನಮ್ಮವ್ವನೂ ಹೊತ್ತಿದ್ದಾಳೆ. ಆದರೆ ನೀನು ಇದು ಮಾಡಿದರೆ ನಾನು ಅದು ಕೊಡುತ್ತೇನೆ ಅನ್ನುವುದು ಮಾತ್ರವೇ ದೇವರ ಜೊತೆ ನಮ್ಮ ಸಂಬಂಧ ಆಗಿಬಿಟ್ಟರೆ ಅದು ಮಂಡಿಯ ವ್ಯಾಪಾರದ ಮಾತು. ಮಂಡಿಯಲ್ಲಿ ದಿನಾ ಇರುವವನು ನಾನು, ಆ ಮಾತು ಹೇಗಿರುತ್ತದೆ ಅಂತ ಚೆನ್ನಾಗಿ ಗೊತ್ತು.

ಬೇಡಿದ್ದು ಸಿಗದಿದ್ದಾಗ

ಹಿರಿಯೂರಿನ ವಾಣಿವಿಲಾಸ ಸಾಗರ ನೋಡಿ ಬನ್ನಿ. ನಾವು ಮಾರಿಕಣಿವೆ ಅನ್ನುತ್ತೇವೆ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ! ಅಷ್ಟು ವರ್ಷ ಪ್ರತಿ ಮಳೆಗಾಲಕ್ಕೆ ಆ ಸೀಮೆಯ ಜನ ಆಕಾಶ ನೋಡಿ ಕೈ ಮುಗಿದಿದ್ದಾರೆ. ಬೇಡಿದವರಲ್ಲಿ ಎಷ್ಟೋ ಜನ ಕೋಡಿ ನೋಡದೇ ಹೋದರು. ನೀರು ಬಿದ್ದದ್ದು ಅವರ ಮೊಮ್ಮಕ್ಕಳ ಕಣ್ಣೆದುರು. ಅವತ್ತು ಕೋಡಿ ನೋಡಲು ಹೋದಾಗ ಒಬ್ಬ ಅಜ್ಜ ಬಿಳೀ ಪಂಚೆ ಮೊಣಕಾಲಿಗೆ ಎತ್ತಿಕಟ್ಟಿ ನೀರಿನ ಅಂಚಿಗೆ ನಿಂತಿದ್ದರು, ಬೊಗಸೆಯಲ್ಲಿ ನೀರು ತಗೊಂಡು ತಲೆ ಮೇಲೆ ಹಾಕಿಕೊಂಡರು, ಏನೂ ಮಾತಾಡಲಿಲ್ಲ. ನನ್ನ ಬೇಡಿಕೆಗೆ ಮೂರು ತಿಂಗಳಾಯಿತು ಅಂತ ಗೊಣಗಿಕೊಂಡಿದ್ದ ನಾನು ಅವರ ಪಕ್ಕ ಸುಮ್ನೆ ನಿಂತೆ.

ಕಷ್ಟದ ದಿನ ಪೂಜೆ ಬಿಟ್ಟು ಹೋಗುತ್ತದೆ, ಅದಕ್ಕೂ ಸಿದ್ಧವಾಗಿರಿ. ನಮ್ಮ ಅಪ್ಪಾಜಿ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ಸ್ನಾನ ಇಲ್ಲ, ಕೂರುವ ಜಾಗ ಇಲ್ಲ. ದೇವರನ್ನು ಬಿಟ್ಟುಬಿಟ್ಟೆನಲ್ಲ ಅಂತ ಅಳು ಬಂತು. ಅವ್ವ ಹೇಳಿದಳು, "ಉಸಿರಾಡ್ತಿದೀಯಲ್ಲಪ್ಪಾ, ಅದರಾಗೆ ಹೇಳು." ಉಸಿರು ಒಳಗೆ ತಗೊಳ್ಳುವಾಗ ಓಂ, ಬಿಡುವಾಗ ನಮಃ ಶಿವಾಯ. ಕಾರಿಡಾರಿನ ಕುರ್ಚಿಯಲ್ಲಿ, ಔಷಧಿ ಅಂಗಡಿಯ ಕ್ಯೂನಲ್ಲಿ, ಎಲ್ಲಿ ಬೇಕಾದರೂ ಆಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ಆರನೇ ದಿನ ರಾತ್ರಿ ಒಳಗೆ ಬಿಟ್ಟರು. ಮಂಚದ ಪಕ್ಕದ ಪರದೆಯಲ್ಲಿ ಹಸಿರು ಗೆರೆ ಏಳುತ್ತಿತ್ತು, ಇಳಿಯುತ್ತಿತ್ತು. ಮನುಷ್ಯನ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅಪ್ಪಾಜಿಗೆ 74. ಲೆಕ್ಕದವನಲ್ಲವೇ, ಅಲ್ಲೇ ನಿಂತು ಮನಸ್ಸಿನಲ್ಲೇ ಗುಣಿಸಿದೆ. 270 ಕೋಟಿ. ಒಂದು ದಿನ ರಜೆ ಇಲ್ಲ, ಒಂದು ಭಾನುವಾರ ಇಲ್ಲ, ಅವರು ಹೊಲದಲ್ಲಿ ಕುಂಟೆ ಹೊಡೆಯುವಾಗಲೂ, ನನಗೆ ಬೈಯುವಾಗಲೂ, ನಿದ್ದೆ ಮಾಡುವಾಗಲೂ, ಅವರು ಕೇಳದೆಯೇ ಯಾರೋ ಒಳಗೆ ನಡೆಸಿಕೊಂಡು ಬಂದಿದ್ದರು. ಉಳಿಸಿಕೊಡು ಅಂತ ಬೇಡಲು ಹೋದವನು ಮೊದಲು ಇಷ್ಟು ಕೊಟ್ಟೆಯಲ್ಲಾ ಅಂದೆ. ಆಮೇಲೆ ಬೇಡಿಕೊಂಡೆ. ಮೂರು ದಿನಕ್ಕೆ ಹೋದರು. ಆ ರಾತ್ರಿ ಹಾಗೆ ನಿಂತಿದ್ದರಿಂದ ನನಗೆ ದೇವರ ಮೇಲೆ ಸಿಟ್ಟು ಬರಲಿಲ್ಲ. ದುಃಖ ಬಂತು, ಈಗಲೂ ಇದೆ.

ರಾತ್ರಿ ಊಟಕ್ಕೆ ಕೂತಾಗ

ಇದು ಚಿಕ್ಕದು. ಊಟದ ಮೊದಲು ಮನೆಯಲ್ಲಿ ಪ್ರತಿಯೊಬ್ಬರೂ ಇವತ್ತು ಕಂಡದ್ದು ಒಂದು ಹೇಳಬೇಕು. ಟಿವಿ ಆಫ್. ದೊಡ್ಡ ಮಾತು ಬೇಡ, ದೇವರ ಹೆಸರು ಎತ್ತಲೇಬೇಕು ಅಂತಲೂ ಇಲ್ಲ. ಮಕ್ಕಳಿಗೆ ಬಲವಂತ ಮಾಡಬೇಡಿ, ಒಂದು ದಿನ ಏನೂ ಇಲ್ಲ ಅಂದರೆ ಇಲ್ಲ. ನನ್ನ ಹೆಂಡತಿ ಹೋದ ವಾರ ಬೆಣ್ಣೆ ಕಾಯಿಸುವಾಗ ಸದ್ದು ನಿಂತ ಕ್ಷಣದ ಬಗ್ಗೆ ಹೇಳಿದಳು, ಆ ಸದ್ದು ನಿಂತಾಗಲೇ ತುಪ್ಪ ಆಗಿರುತ್ತದಂತೆ. ಇಪ್ಪತ್ತು ವರ್ಷ ಆ ತುಪ್ಪ ಉಂಡಿದ್ದೇನೆ, ಸದ್ದು ಕೇಳಿರಲಿಲ್ಲ.

ಮಗಳು ಈಗ ಏಳನೇ ಕ್ಲಾಸು. ತೆನೆಯ ಸಾಲು ಸರಿಸಂಖ್ಯೆಯೇ ಇರುತ್ತದೆ ಅಂತ ನಾನು ಹೇಳಿದ್ದನ್ನು ಅವಳು ಸುಮ್ನೆ ಒಪ್ಪಿಕೊಂಡಿಲ್ಲ. ಪ್ರತಿ ವರ್ಷ ಮೆಕ್ಕೆಜೋಳ ಬಂದಾಗ ನಾನು ಅಂಗಡಿಯಿಂದ ತೆನೆ ತಂದುಕೊಡಬೇಕು, ಅವಳು ಪೆನ್ಸಿಲ್ ತುದಿಯಿಂದ ಸಾಲು ಗುರುತು ಮಾಡುತ್ತಾ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಇಲ್ಲಿವರೆಗೆ 31 ತೆನೆ ಆಗಿದೆ. ಬೆಸ ಇನ್ನೂ ಸಿಕ್ಕಿಲ್ಲ. ನಾಳೆ ಎರಡು ತರಲು ಹೇಳಿದ್ದಾಳೆ.